ಫೋನಿಗೆ ಹಾಕುವ ಮುಂಚೆ

ಪುಟ್ಟೀ, ಮಂಗಟ್ಟೆ ಹಕ್ಕಿಯ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಲಾ ಎಂದು ಕೇಳಿದ್ದೀಯಲ್ಲ, ಹಾಕು. ಆದರೆ ಬಿಡಿಸಿದ ರಾತ್ರಿಯೇ ಬೇಡ. ಒಂದು ವಾರ ನಿನ್ನ ಹತ್ತಿರವೇ ಇರಲಿ. ಅದರಲ್ಲಿ ಯಾವುದು ಸರಿ ಬಂದಿದೆ, ಯಾವುದು ಬಂದಿಲ್ಲ ಎಂದು ನಿನಗೇ ಗೊತ್ತಾಗಿದ್ದರೆ ಊರಿನ ಮಾತು ನಿನ್ನನ್ನು ಅಷ್ಟಾಗಿ ಅಲುಗಾಡಿಸದು. ಮೂಡಿಗೆರೆಯ ಸಾಹಿತಿ ತೇಜಸ್ವಿ ಹಕ್ಕಿಯ ಒಂದು ಫೋಟೊಗಾಗಿ ಎಷ್ಟು ಹೊತ್ತಾದರೂ ಕಾದು ಕೂರುತ್ತಿದ್ದರು. ಅವರನ್ನು ನಿನ್ನ ಹಾಗೆ ಆಟಿಸಂ ಇರುವವರ ಸಾಲಿಗೆ ಸೇರಿಸುತ್ತಿಲ್ಲ ಮತ್ತೆ. ತೀರಿಹೋದವರಿಗೆಲ್ಲ ಆಟಿಸಂ ಇತ್ತೆಂದು ಹೇಳುವ ಚಟ ನನಗಿಲ್ಲ.

ಲಂಡನ್ನಿನ ಚಿತ್ರಕಾರ ಸ್ಟೀಫನ್ ವಿಲ್ಟ್‌ಶೈರ್ ಗೊತ್ತಲ್ಲ? 1974ರಲ್ಲಿ ಹುಟ್ಟಿದವನು, ಆಟಿಸಂ ಇರುವವನು, ಮಾತು ಬಂದದ್ದೂ ತಡವಾಗಿ. 2005ರಲ್ಲಿ ಹೆಲಿಕಾಪ್ಟರಿನಲ್ಲಿ ಟೋಕಿಯೊ ನೋಡಿ ಬಂದು, ಸುಮಾರು 10 ಮೀಟರ್ ಉದ್ದಕ್ಕೆ ಆ ನಗರವನ್ನು ನೆನಪಿನಿಂದಲೇ ಬಿಡಿಸಿದ. ಜನ ‘ಮನುಷ್ಯ ಕ್ಯಾಮೆರಾ’ ಅಂದರು. ನನಗೆ ಆ ಬಿರುದು ಹಿಡಿಸಲಿಲ್ಲ. ಕ್ಯಾಮೆರಾಕ್ಕೆ ಇಷ್ಟಾನಿಷ್ಟ ಎಲ್ಲಿದೆ? ಅವನಿಗೋ ಹಳೆಯ ಅಮೆರಿಕನ್ ಕಾರುಗಳೆಂದರೆ ಪ್ರಾಣ. ನಿನಗೂ ಬಿರುದು ಕಟ್ಟುವವರು ಬರುತ್ತಾರೆ. ಥ್ಯಾಂಕ್ಸ್ ಹೇಳಿ ಸುಮ್ಮನಾಗು. ನಿನ್ನ ಆಟಿಸಂ ವಿಷಯ ಇನ್‌ಸ್ಟಾಗ್ರಾಮಿನಲ್ಲಿ ಬರೆಯುವುದು ಬಿಡುವುದು ನಿನಗೆ ಸೇರಿದ್ದು, ಅಪ್ಪ ಅಮ್ಮನಿಗೂ ಅಲ್ಲ.

ಇದಕ್ಕಿಂತ ದೊಡ್ಡ ಕಾಟ ‘ಜಾಣೆ’ ಎಂಬ ಹೆಸರು. ಇಷ್ಟು ಮಾರ್ಕ್ಸ್ ತೆಗೆಯುವವಳಿಗೆ ಏನು ಕಷ್ಟ ಎನ್ನುತ್ತಾರೆ. ಕಾಫಿ ಪಲ್ಪರ್ ಸದ್ದಿಗೋ ಮದುವೆಮನೆ ವಾಲಗಕ್ಕೋ ಕಿವಿ ಮುಚ್ಚಿಕೊಂಡು ಎದ್ದು ಹೋದರೆ ಕೊಬ್ಬು ಎನ್ನುತ್ತಾರೆ. ಅವರು ಮೆಚ್ಚಲೆಂದು ಹಲ್ಲು ಕಚ್ಚಿ ಕೂರಬೇಡ. ಸಂಜೆಗೆ ಮನೆಗೆ ಬಂದು ಎರಡು ದಿನ ಮಾತೇ ನಿಂತುಹೋಗುವುದು ನಿನಗೆ, ಅವರಿಗಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿ ಬರೆದು ಕೊಡು. ಶಾಲೆಯಲ್ಲೂ ಕೇಳಲು ಹಿಂಜರಿಯಬೇಡ: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಹೆಸರೂ ಇದೆ. ಪ್ರಮಾಣಪತ್ರ ಮಾಡಿಸಿಕೊಂಡು ಪರೀಕ್ಷೆಗೆ ಹೆಚ್ಚು ಸಮಯ ಕೇಳಿದರೆ ಅದು ಭಿಕ್ಷೆಯಲ್ಲ. ಫಸ್ಟ್ ರ‍್ಯಾಂಕ್ ಬರುವವರೂ ಕೇಳಬಹುದು.

ಇನ್ನು, ಹಾಕುವ ಚಿತ್ರದ ಮೇಲೆ ಸಹಿ ಇರಲಿ, ಮೂಲೆಯಲ್ಲಲ್ಲ, ಕತ್ತರಿಸಲಾಗದ ಕಡೆ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬಿಡಿಸಿದ ಗಳಿಗೆಯಿಂದಲೇ ಹಕ್ಕು ನಿನ್ನದು, ನೋಂದಣಿಯೂ ಬೇಕಿಲ್ಲ. ಫೋಟೊದಲ್ಲಿ ಸ್ಕೂಲ್ ಯೂನಿಫಾರಂ, ಎಸ್ಟೇಟ್ ಬೋರ್ಡು ಕಾಣದಂತೆ ನೋಡಿಕೊ. ಇನ್‌ಬಾಕ್ಸಿಗೆ ಬಂದು ‘ನಿನ್ನ ಫೋಟೊ ಕಳಿಸು, ಮನೆಯಲ್ಲಿ ಹೇಳಬೇಡ’ ಎನ್ನುವವರು ಇರುತ್ತಾರೆ. ಯಾರು ಏನು ಹೇಳಿದರೂ ಅದನ್ನು ಹಾಗೇ ನಂಬುವವಳು ನೀನು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ: ಅಂಥವರಿಗೆ ಉತ್ತರ ಕೊಡಬೇಡ, ಮೆಸೇಜ್ ಅಳಿಸಲೂ ಬೇಡ. ಬ್ಲಾಕ್ ಮಾಡಿ, ಫೋನ್ ತಂದು ಅಮ್ಮನಿಗೆ ತೋರಿಸು.