ನಮಗಿರುವ ಹೆಸರೂ ನಾವು ಹೊಂದತಕ್ಕ ಬೆಳವಣಿಗೆಯೂ

ಓದತಕ್ಕ ಭಾಗಗಳು: ಯೆಶಾಯ ೪೩:೧-೪, ಯೋಹಾನ ೧೦:೧-೫, ಕೊಲೊಸ್ಸೆ ೨:೬-೭.



ಸಂತೆಯಲ್ಲಿಯೋ ಬಸ್ಸಿನಲ್ಲಿಯೋ ಗುರುತಿಲ್ಲದವನೊಬ್ಬನು ನಮ್ಮ ಹತ್ತಿರ ಕುಳಿತು, ಊರು ಯಾವುದು, ಮನೆ ಯಾವುದು ಎಂದು ವಿಚಾರಿಸಿದ ಮೇಲೆ ಸ್ವಲ್ಪ ತಡೆದು, "ನೀವು ಯಾವ ಜನ?" ಎಂದು ಕೇಳುವದುಂಟು. ಆಗ ನಮ್ಮಲ್ಲಿ ಕೆಲವರು "ನಾವು ಮಿಶನಿನವರು" ಅನ್ನುತ್ತೇವೆ. ಕೆಲವರು ಹಿರಿಯರ ಬಳಿಯ ಹೆಸರನ್ನು ಹೇಳಿ ಸುಮ್ಮನಾಗುತ್ತೇವೆ. ಇನ್ನು ಕೆಲವರು ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸಿಬಿಡುತ್ತೇವೆ. ಕ್ರಿಸ್ತನ ಹೆಸರು ಬಾಯಿಗೆ ಬರುವದು ಎಲ್ಲಾದರ ಕಡೆಯಲ್ಲಿ. ಇದು ಬರೇ ನಾಚಿಕೆಯಿಂದಾಗುವ ಸಂಗತಿಯೋ, ಇಲ್ಲವೆ ನಾವು ಯಾರೆಂಬದು ನಮಗೇ ಸರಿಯಾಗಿ ತಿಳಿಯದಿರುವದರಿಂದಲೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ನಮ್ಮ ಹಿರಿಯರು ಬಿಟ್ಟದ್ದೂ ಇಟ್ಟುಕೊಂಡದ್ದೂ

೧೮೩೪ನೇ ಇಸವಿಯ ಅಕ್ಟೋಬರ್ ೩೦ರಂದು ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನ ಬೋಧಕರು ಮಂಗಳೂರಿಗೆ ಬಂದು ಮುಟ್ಟಿದರು. ಅವರು ಸಾರಿದ ಸುವಾರ್ತೆಯನ್ನು ನಂಬಿದವರಿಗೆ ಆ ದಿವಸಗಳಲ್ಲಿ ಲಾಭಕ್ಕಿಂತ ಮುಂಚೆ ನಷ್ಟವೇ ಬಂತು. ಒಡಹುಟ್ಟಿದವರ ಪಂಕ್ತಿ ತಪ್ಪಿತು, ಮನೆಯ ಬಾಗಿಲು ಮುಚ್ಚಿತು, ಹಿರಿಯರ ಆಸ್ತಿಯ ಪಾಲಿಗೂ ಸಂಚಕಾರ ಬಂತು. ಮತವನ್ನು ಬಿಟ್ಟ ಮಾತ್ರಕ್ಕೆ ಒಬ್ಬನು ಆಸ್ತಿಯ ಹಕ್ಕನ್ನು ಕಳಕೊಳ್ಳಬಾರದೆಂಬ ಕಾಯಿದೆ ಆದದ್ದು ೧೮೫೦ರಲ್ಲಿ. ಕಾಯಿದೆಯು ಗದ್ದೆಯನ್ನು ಉಳಿಸಿಕೊಡಬಹುದು; "ನಾನು ಯಾರು?" ಎಂದು ಕೇಳುವ ಮನಸ್ಸಿಗೆ ಅದು ಉತ್ತರ ಕೊಡಲಾರದು.

ಆ ಉತ್ತರವನ್ನು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿದ್ದ ಒಬ್ಬರನ್ನು ನೆನಸೋಣ. ೧೮೪೪ನೇ ಜನವರಿ ೬ರಂದು ಸಾರಸ್ವತ ಬ್ರಾಹ್ಮಣ ಕುಲದ ಆನಂದರಾಯರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದರು. ೧೮೪೬ರಲ್ಲಿ ಅವರು ಬಾಸೆಲಿಗೆ ಹೋಗಿ ದೇವಶಾಸ್ತ್ರವನ್ನು ಓದಿ, ೧೮೫೧ರಲ್ಲಿ ಬೋಧಕಾಭಿಷೇಕ ಹೊಂದಿ ತಿರಿಗಿ ಬಂದರು. ಆ ಮೇಲೆ ೧೮೯೩ರಲ್ಲಿ ತೀರಿಕೊಂಡರು. ಅವರ ಪೂರ್ಣ ಹೆಸರು ಹೆರ್ಮನ್ ಆನಂದರಾವ್ ಕೌಂಡಿನ್ಯ. ಹೆರ್ಮನ್ ಎಂಬದು, 'ಮಂಗಳೂರ ಸಮಾಚಾರ'ವನ್ನು ೧೮೪೩ರಲ್ಲಿ ಹೊರಡಿಸಿದ ಮೊಗ್ಲಿಂಗ್ ಬೋಧಕರಿಗೂ ಇದ್ದ ಹೆಸರು. ಆನಂದರಾವ್ ಎಂಬದು ತಂದೆತಾಯಿಗಳು ಕರೆದ ಹೆಸರು. ಕೌಂಡಿನ್ಯ ಎಂಬದು ಗೋತ್ರದ ಹೆಸರು. ಅವರು ಹೊಸದನ್ನು ಹೊಂದಿದರು, ಹಳೇದನ್ನು ಕಿತ್ತು ಬಿಸಾಡಲಿಲ್ಲ. ಆದರೆ ಗೋತ್ರದ ಹೆಮ್ಮೆಯನ್ನು ಬಿಟ್ಟು, ಗೋತ್ರವಿಲ್ಲವೆಂದು ಲೋಕವು ತಳ್ಳಿದವರ ಸಂಗಡ ಒಂದೇ ರೊಟ್ಟಿಯನ್ನು ಮುರಿಯುವ ಸಭೆಗೆ ಸೇವಕರಾದರು.

ನಮ್ಮ ತುಳು ಸಭೆಗಳಲ್ಲಿಯೂ ಹಾಗೆಯೇ ಆಯಿತು. ಬಂಗೇರ, ಕುಂದರ್, ಸಾಲಿನ್ಸ್ ಮೊದಲಾದ ಹೆಸರುಗಳು ಇಂದಿಗೂ ಸಭೆಯ ಪುಸ್ತಕಗಳಲ್ಲಿ ಉಂಟು. ೧೮೪೭ರಲ್ಲಿಯೇ ಹೊಸ ಒಡಂಬಡಿಕೆಯು ತುಳುವಿನಲ್ಲಿ ಅಚ್ಚಾಯಿತು. ಕರ್ತನು ತುಳುವರಿಗೆ ಪರದೇಶದ ಭಾಷೆಯನ್ನು ಕಲಿತು ಬನ್ನಿರಿ ಅನ್ನಲಿಲ್ಲ. ತಾನೇ ತುಳುವಿನಲ್ಲಿ ಮಾತಾಡಿದನು. ಹೀಗಿರಲಾಗಿ, ಕ್ರೈಸ್ತನಾಗುವದಂದರೆ ಊರನ್ನೂ ಮಾತನ್ನೂ ಹಿರಿಯರನ್ನೂ ಅಲ್ಲಗಳೆಯುವದೆಂದು ನಮ್ಮ ಮಕ್ಕಳಿಗೆ ಕಲಿಸಬಾರದು.

೨. ಊರುಗೋಲು ಮುರಿದಾಗ

ಹೊಸ ವಿಶ್ವಾಸಿಗಳಲ್ಲಿ ಶೇಂದಿ ತೆಗೆಯುವ ಕಸುಬನ್ನು ಬಿಟ್ಟವರು ಅನೇಕರು. ಗೇಣಿಯ ಭೂಮಿಯನ್ನು ಕಳಕೊಂಡವರೂ ಇದ್ದರು. ಅವರ ಹೊಟ್ಟೆಪಾಡಿಗಾಗಿ ಮಿಶನು ನೆಯಿಗೆಯನ್ನೂ ಅಚ್ಚುಕೂಟವನ್ನೂ ನಡಿಸಿತು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಇದು ದಯೆಯ ಕೆಲಸವೇ ಸರಿ. ಆದರೂ ಅದರಲ್ಲಿ ಒಂದು ಅಪಾಯ ಅಡಗಿತ್ತು. ಕೂಲಿ ಮಿಶನಿನದು, ಮನೆ ಮಿಶನಿನದು, ಶಾಲೆ ಮಿಶನಿನದು ಆಗಿರುವಲ್ಲಿ, ನಂಬಿಕೆಯೂ ಮಿಶನಿನದೇ ಎಂದು ಎಣಿಸುವದು ಸುಲಭ.

೧೯೧೪ರಲ್ಲಿ ಮಹಾಯುದ್ಧ ಹುಟ್ಟಿತು. ಜರ್ಮನ್ ಬೋಧಕರನ್ನು ಸರಕಾರವು ಬಂಧನದಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಕಳುಹಿಸಿತು. ಕಾರ್ಖಾನೆಗಳು ಮಿಶನಿನ ಕೈತಪ್ಪಿ, ಯುದ್ಧವು ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಪಾಲಾದವು. ಎಂಭತ್ತು ವರುಷ ಹಿಡುಕೊಂಡು ನಡೆದ ಊರುಗೋಲು ಒಮ್ಮೆಲೇ ಮುರಿದ ಹಾಗಾಯಿತು. ಆಗ ಎದ್ದ ಪ್ರಶ್ನೆ ಒಂದೇ: ನಾವು ಮಿಶನಿನವರೋ, ಕ್ರಿಸ್ತನವರೋ? ಮಿಶನಿನವರೇ ಆಗಿದ್ದಲ್ಲಿ ಅಂದೇ ಸಭೆಯು ಮುಗಿಯಬೇಕಾಗಿತ್ತು. ಅದು ಮುಗಿಯಲಿಲ್ಲ. ನಾಡಿನ ಬೋಧಕರೂ ಉಪದೇಶಿಗಳೂ ಸಭಾಹಿರಿಯರೂ ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾದ ಸಭೆಯು ಸ್ಥಾಪಿತವಾಯಿತು. ಮಂಗಳೂರಿನ ನಮ್ಮ ಸಭೆಗಳು ಇಂದು ಅದರಲ್ಲಿ ಸೇರಿವೆ. ಕೋಲು ಮುರಿದ ಮೇಲೆಯೇ ಕಾಲಿಗೆ ಬಲ ಉಂಟೋ ಎಂಬದು ತಿಳಿಯುವದು.

ಯೆಶಾಯನ ೪೩ನೇ ಅಧ್ಯಾಯದಲ್ಲಿ ದೇವರು ಸೆರೆಹೋದ ಜನರ ಸಂಗಡ ಮಾತಾಡುತ್ತಾನೆ. ಅವರಿಗೆ ಊರಿರಲಿಲ್ಲ, ದೇವಾಲಯವಿರಲಿಲ್ಲ. ಅಂಥವರನ್ನು ಆತನು ಹೆಸರು ಹಿಡಿದು ಕರೆದು ತನ್ನ ಸ್ವತ್ತೆಂದು ಹೇಳುತ್ತಾನೆ. ಯೋಹಾನನ ೧೦ನೇ ಅಧ್ಯಾಯದಲ್ಲಿ ಒಳ್ಳೇ ಕುರುಬನು ಮಾಡುವದೂ ಅದನ್ನೇ. ನಮ್ಮ ಗುರುತು ನಾವು ಸಂಪಾದಿಸಿದ್ದಲ್ಲ, ಇತರರು ಕೊಟ್ಟದ್ದೂ ಅಲ್ಲ; ಕರೆದಾತನಿಂದ ಬಂದದ್ದು. ಆದಕಾರಣ ಕೂಲಿಯೂ ಕಟ್ಟಡವೂ ಹೋದರೂ ಅದು ಹೋಗಲಾರದು.

೩. ಹೆಂಚು ಕಲಿಸುವ ಪಾಠ

ಜೆಪ್ಪುವಿನ ಹಳೇ ಹೆಂಚನ್ನು ನೀವು ನೋಡಿರಬಹುದು. ಮಿಶನಿನ ಹೆಸರೂ ೧೮೬೫ ಎಂಬ ವರುಷವೂ ಅದರ ಒಳಮೈಯಲ್ಲಿ ಒತ್ತಿರುತ್ತವೆ. ದಾರಿಯಲ್ಲಿ ಹೋಗುವವನಿಗೆ ಅದು ಕಾಣಿಸದು. ಮನೆಯೊಳಗೆ ಬಂದು ತಲೆಯೆತ್ತಿದವನಿಗೆ ಕಾಣಿಸುವದು. ಆ ಮುದ್ರೆಯನ್ನು ಒತ್ತುವದು ಮಣ್ಣು ಇನ್ನೂ ಹಸಿಯಾಗಿರುವಾಗ. ಮುದ್ರೆ ಬಿದ್ದ ಕೂಡಲೆ ಹೆಂಚಾಯಿತೋ? ಇಲ್ಲ. ಅದು ನೆರಳಲ್ಲಿ ಆರಬೇಕು, ಆವಿಗೆಯಲ್ಲಿ ಬೇಯಬೇಕು. ಬೇಯದ ಹೆಂಚು ಆಟಿಯ ಮಳೆಯಲ್ಲಿ ಮುದ್ರೆಸಹಿತ ಕರಗಿ ಹೋಗುವದು. ಹಾಗೆಯೇ ದೀಕ್ಷಾಸ್ನಾನದಲ್ಲಿ ನಮಗೆ ಒಂದೇ ದಿವಸದಲ್ಲಿ ಹೆಸರು ಬರುತ್ತದೆ. ಆ ಹೆಸರಿಗೆ ತಕ್ಕವರಾಗುವದಕ್ಕೆ ಆಯುಷ್ಯವೆಲ್ಲಾ ಬೇಕು.

ಮತ್ತೊಂದು ಸಂಗತಿ: ಒಂದು ಹೆಂಚು ಎಷ್ಟು ಗಟ್ಟಿಯಾಗಿದ್ದರೂ ತಾನೊಂದೇ ಮಳೆಯನ್ನು ತಡೆಯಲಾರದು. ಅದರ ಅಂಚಿನ ಗೆರೆಗಳು ಪಕ್ಕದ ಹೆಂಚಿನ ಗೆರೆಗಳಲ್ಲಿ ಕೂತಾಗಲೇ ಮಾಡಾಗುವದು. "ನನ್ನ ಭಕ್ತಿ ನನಗೆ ಸಾಕು" ಎಂದು ಸಭೆಯನ್ನು ಬಿಟ್ಟು ಕೂತವನು ಅಂಗಳದಲ್ಲಿ ಬಿದ್ದ ಹೆಂಚಿನಂತಿದ್ದಾನೆ.

೪. ನಮ್ಮ ತಪ್ಪನ್ನು ಒಪ್ಪಿಕೊಳ್ಳೋಣ

ಕೆಲವು ವರುಷಗಳ ಹಿಂದೆ ಒಂದು ಮನೆಯಲ್ಲಿ ಮದುವೆಯ ಮಾತುಕತೆಗೆ ಉಪದೇಶಿಗಳಾದ ನಮ್ಮನ್ನೂ ಕರೆದಿದ್ದರು. ಹುಡುಗ ಹುಡುಗಿ ಇಬ್ಬರೂ ಒಂದೇ ಸಭೆಯವರು. ಒಂದೇ ಭಾನುವಾರ ಶಾಲೆಯಲ್ಲಿ ಬೆಳೆದವರು. ಪ್ರಾರ್ಥನೆಯಾಯಿತು, ಊಟವಾಯಿತು. ಎಲೆ ಎತ್ತಿದ ಮೇಲೆ ಒಬ್ಬ ಹಿರಿಯನು ಸ್ವರ ತಗ್ಗಿಸಿ, ಆ ಮನೆಯವರ ಮುತ್ತಜ್ಜ ದೀಕ್ಷಾಸ್ನಾನಕ್ಕೆ ಮುಂಚೆ ಯಾವ ಜಾತಿಯವನು ಎಂದು ಕೇಳಿದನು. ಉತ್ತರ ಬಂತು. ಮಾತುಕತೆ ಅಲ್ಲಿಗೆ ನಿಂತಿತು. ಹುಡುಗಿಯು ಅಡಿಗೆಮನೆಯ ಬಾಗಲಲ್ಲಿ ನಿಂತು ಅದನ್ನು ಕೇಳಿದಳು. ಆಗ ನಾವು ಬಾಯಿ ತೆರೆಯಬೇಕಾಗಿತ್ತು, ತೆರೆಯಲಿಲ್ಲ. ಉಂಡ ಮನೆಯಲ್ಲಿ ಜಗಳ ಬೇಡವೆಂದು ಕೊಡೆಯನ್ನು ತಕ್ಕೊಂಡು ಹೊರಟೆವು. ನಾಲ್ಕು ತಲೆಮಾರಿನ ದೀಕ್ಷಾಸ್ನಾನಗಳ ನೀರು ತೊಳೆಯದ್ದನ್ನು ನಮ್ಮ ಮೌನವು ಇನ್ನಷ್ಟು ಗಟ್ಟಿಮಾಡಿತು. ಆ ದಿವಸ ನಾವೂ ಬೇಯದ ಹೆಂಚೇ ಆಗಿದ್ದೆವು.

ಹಿರಿಯರ ಹೆಸರನ್ನು ಇಟ್ಟುಕೊಳ್ಳುವದು ತಪ್ಪಲ್ಲವೆಂದು ಮೇಲೆ ಹೇಳಿದೆವು. ಆದರೆ ಆ ಹೆಸರಿನಿಂದ ಸಹೋದರನನ್ನು ಅಳೆಯುವದು ಕ್ರಿಸ್ತನ ಮುದ್ರೆಯ ಮೇಲೆ ಬೇರೆ ಮುದ್ರೆಯನ್ನು ಒತ್ತಿದಂತೆ. ಹೆಸರು ನೆನಪಿಗಾಗಿ ಇರಲಿ; ತಕ್ಕಡಿಯಾಗದಿರಲಿ.

೫. ಬೆಳೆಯುವ ಬಗೆ

ಕೊಲೊಸ್ಸೆಯವರಿಗೆ ಬರೆದ ಪತ್ರದ ೨ನೇ ಅಧ್ಯಾಯದಲ್ಲಿ ಅಪೊಸ್ತಲನು ಬೇರಿನ ಮಾತನ್ನೂ ಕಟ್ಟಡದ ಮಾತನ್ನೂ ಜೊತೆಯಾಗಿ ಹೇಳುತ್ತಾನೆ. ಬೇರು ಕೆಳಕ್ಕೆ ಹೋಗುವದು, ಗೋಡೆ ಮೇಲಕ್ಕೆ ಏಳುವದು. ಎರಡೂ ಸದ್ದಿಲ್ಲದೆ, ದಿನದಿನವೂ ಆಗುವ ಕೆಲಸ. ಆದದರಿಂದ ನಾವು ಹೀಗೆ ಮಾಡೋಣ. ಸಾಯಂಕಾಲ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಸತ್ಯವೇದದ ಒಂದು ಭಾಗವನ್ನು ಓದೋಣ. ಓದಲು ಬಲ್ಲ ಮಗುವು ಓದಲಿ, ಬಾರದ ಅಜ್ಜಿಯು ಅರ್ಥ ಹೇಳಲಿ. ಸಭೆಯಲ್ಲಿ ಮಾತು ಬಿಟ್ಟವರ ಮನೆಗೆ ಕರ್ತನ ಭೋಜನಕ್ಕೆ ಮುಂಚೆ ನಾವಾಗಿಯೇ ಹೋಗೋಣ. ಪರದೇಶದ ಹಣವನ್ನು ಎದುರುನೋಡದೆ ನಮ್ಮ ಬೆಳೆಯಲ್ಲಿ ಒಂದು ಪಾಲನ್ನು ಸಭೆಗೆ ಎತ್ತಿಡೋಣ. ಬೆಂಗಳೂರಿಗೂ ಗಲ್ಫ್ ದೇಶಗಳಿಗೂ ಹೋದ ಮಕ್ಕಳಿಗೆ ಸಂಬಳವನ್ನು ಮಾತ್ರ ಕೇಳದೆ, ಆರಾಧನೆಗೆ ಹೋದಿರೋ ಎಂತಲೂ ಕೇಳೋಣ.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:

(೧) ನನ್ನ ಕೆಲಸವೂ ಮನೆಯೂ ಹೋದರೆ ನಾನು ಯಾರೆಂದು ಹೇಳುವೆನು?

(೨) ಹೋದ ವರುಷಕ್ಕಿಂತ ಈ ವರುಷ ಯಾವ ಒಂದು ಸಂಗತಿಯಲ್ಲಿ ನಾನು ಬೆಳೆದಿದ್ದೇನೆ?

(೩) ನಮ್ಮ ಮನೆಯ ಮದುವೆಯಲ್ಲಿ ನಾವು ಮೊದಲು ವಿಚಾರಿಸುವದು ಏನು?

ಮುಂದೆ ಯಾರಾದರೂ ಸಂತೆಯಲ್ಲಿ "ನೀವು ಯಾವ ಜನ?" ಎಂದು ಕೇಳಿದರೆ, ಊರಿನ ಹೆಸರನ್ನೂ ಮನೆಯ ಹೆಸರನ್ನೂ ಸಂತೋಷವಾಗಿ ಹೇಳೋಣ, ಆ ಮೇಲೆ ತಡಮಾಡದೆ, ನಾವು ಕ್ರಿಸ್ತನವರು ಅನ್ನೋಣ. ಆ ಮಾತು ಸುಳ್ಳಾಗದಂತೆ ನಡೆಯುವ ಬಲವನ್ನು, ನಮ್ಮನ್ನು ಹೆಸರು ಹಿಡಿದು ಕರೆದ ಕರ್ತನೇ ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.