ಚೇಳು ಮೀನು ಚುಚ್ಚಿದರೆ ಐಸಾ, ಬಿಸಿನೀರಾ?

ವಿಷದ ಮೀನು ಅಂದ್ರೆ ನಮಗೆಲ್ಲ ನೆನಪಾಗೋದು ಸಮುದ್ರ. 2006ರಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಅವರು ತೊರಕೆ ಮೀನಿನ ಮುಳ್ಳು ಎದೆಗೆ ಚುಚ್ಚಿ ತೀರಿಕೊಂಡಿದ್ದು ಹಲವರಿಗೆ ಗೊತ್ತು. ಆದ್ರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಮುದ್ರ ಹಾಗಿರಲಿ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಇರೋದು ಕೆರೆಗಳು. ಕೆರೆಯಲ್ಲೂ ವಿಷದ ಮೀನು ಇರುತ್ತೆ ಅಂತ ನಮಗೆ ಗೊತ್ತಾಗಿದ್ದು ಕಳೆದ ರಜೆಯಲ್ಲಿ.

ಶಿಡ್ಲಘಟ್ಟದ ಹತ್ತಿರ ಗೆಳೆಯನ ಊರಿಗೆ ನಾವು ನಾಲ್ಕು ಜನ ಹೋಗಿದ್ವಿ. ಕೆರೆ ನೀರು ಮೊಣಕಾಲಿಗೆ ಇಳಿದಿತ್ತು. ಬಲೆಯಿಂದ ಮೀನು ಬಿಡಿಸ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ ಕಿರುಚಿದ. ಹೆಬ್ಬೆರಳ ಬುಡದಲ್ಲಿ ಒಂದೇ ತೂತು, ಸ್ವಲ್ಪ ರಕ್ತ. ಐದು ನಿಮಿಷದಲ್ಲಿ ಕೈಯೆಲ್ಲ ಉರಿ. ನಾವು ಮಣಿಕಟ್ಟಿಗೆ ಟವಲ್ ಬಿಗಿದು ಕಟ್ಟಿದ್ವಿ, ಅಂಗಡಿಯಿಂದ ಐಸ್ ತಂದು ಇಟ್ವಿ. ಎರಡೂ ತಪ್ಪು. ಅವನ ತಾತ ಬಂದು ನಮಗೆ ತೆಲುಗಲ್ಲೇ ಬೈದು, ಟವಲ್ ಬಿಚ್ಚಿಸಿ, ಹಂಡೆಯಿಂದ ಬಿಸಿನೀರು ತರಿಸಿದ್ರು. ಕೈ ಅದ್ದಿಟ್ಟು ಅರ್ಧ ಗಂಟೆಗೆ ಅವನ ಅಳು ನಿಂತಿತು.

ಆ ಮೀನು ಯಾವುದು?

ಚೇಳು ಮೀನು. ವೈಜ್ಞಾನಿಕ ಹೆಸರು ಹೆಟಿರೋಪ್ನ್ಯೂಸ್ಟಿಸ್ ಫಾಸಿಲಿಸ್. ಮೀಸೆ ಇರುವ, ಚಪ್ಪಟೆ ತಲೆಯ, ಕಪ್ಪು ಬಣ್ಣದ ಮೀನು; ಸುಮಾರು ಒಂದು ಅಡಿವರೆಗೂ ಬೆಳೆಯುತ್ತೆ. ಕಿವಿರಿನ ಜೊತೆಗೆ ಗಾಳಿ ಚೀಲಗಳೂ ಇರೋದ್ರಿಂದ ನೀರು ಕಡಿಮೆಯಾದ ಕೆಸರಲ್ಲೂ ಬದುಕುತ್ತೆ. ಅದರ ಎದೆಯ ಎರಡೂ ಪಕ್ಕದ ರೆಕ್ಕೆಗಳಲ್ಲಿ ಗರಗಸದಂಥ ಒಂದೊಂದು ಮುಳ್ಳು ಇರುತ್ತೆ. ಮುಳ್ಳು ಒಳಗೆ ಹೋದಾಗ ಅದರ ಮೇಲಿನ ಚರ್ಮ ಹರಿದು ವಿಷ ಗಾಯಕ್ಕೆ ಸೇರುತ್ತೆ.

ಬಿಸಿನೀರು ಯಾಕೆ?

ಈ ವಿಷದಲ್ಲಿ ಪ್ರೋಟೀನ್‌ಗಳಿವೆ. ಮೊಟ್ಟೆ ಬೇಯಿಸಿದಾಗ ಅದರ ಪ್ರೋಟೀನ್ ರೂಪ ಬದಲಾಗುವ ಹಾಗೆ, ವಿಷದ ಪ್ರೋಟೀನ್ ಕೂಡ ಬಿಸಿಗೆ ಕೆಡುತ್ತೆ ಅನ್ನೋದು ಸಾಮಾನ್ಯ ವಿವರಣೆ. ನೋವಿನ ಸಂದೇಶವನ್ನೂ ಬಿಸಿ ತಗ್ಗಿಸುತ್ತೆ ಅಂತಾರೆ. ಬೇಕಾಗಿರೋದು 42ರಿಂದ 45 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಾದ್ರೆ ಚರ್ಮ ಸುಡುತ್ತೆ.

ಥರ್ಮಾಮೀಟರ್ ಇಲ್ಲದಿದ್ರೆ? ಫಸ್ಟ್ ಇಯರ್ ಲೆಕ್ಕ ಸಾಕು. ನಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತೆ. ತಣ್ಣೀರು 25 ಡಿಗ್ರಿ ಅಂದುಕೊಳ್ಳಿ. ಒಂದು ಚೊಂಬು ಕುದಿಯುವ ನೀರಿಗೆ ಮೂರು ಚೊಂಬು ತಣ್ಣೀರು ಬೆರೆಸಿದ್ರೆ (97 + 75) ÷ 4 = 43 ಡಿಗ್ರಿ.

ಏನು ಮಾಡಬೇಕು?

1. ಗಾಯವನ್ನ ಶುದ್ಧ ನೀರಲ್ಲಿ ತೊಳೆಯಿರಿ. ಉಂಗುರ ಇದ್ರೆ ಊತ ಬರೋ ಮುಂಚೆ ತೆಗೆಯಿರಿ.
2. ಬಿಸಿನೀರನ್ನ ಮೊದಲು ಬೇರೆಯವರು ಮುಟ್ಟಿ ನೋಡಬೇಕು. ನೋವಲ್ಲಿರುವ ಕೈಗೆ ಬಿಸಿ ಸರಿಯಾಗಿ ಗೊತ್ತಾಗಲ್ಲ.
3. 30ರಿಂದ 90 ನಿಮಿಷ ಅದ್ದಿಡಿ. ಆರಿದ ಹಾಗೆ ಕೈ ಹೊರತೆಗೆದು ಬಿಸಿನೀರು ಸೇರಿಸಿ, ಮತ್ತೆ ಮುಟ್ಟಿ ನೋಡಿ.
4. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ.
5. ನೋವು ಹೋದ್ರೂ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕಾಗಬಹುದು; ಕೆರೆ ನೀರಿನಿಂದ ಗಾಯ ಕೀವು ಹಿಡಿಯಬಹುದು. ನಮ್ಮ ಗೆಳೆಯನ ಗಾಯದೊಳಗೆ ಮುಳ್ಳಿನ ಚೂರು ಉಳಿದಿತ್ತು, ಡಾಕ್ಟರ್ ತೆಗೆದ್ರು.

ಒಂದು ಮಾತು ಮರೆಯಬೇಡಿ. ಮೀನನ್ನ ಕಣ್ಣಾರೆ ನೋಡಿದ್ರೆ ಮಾತ್ರ ಈ ಉಪಾಯ. ಕೆಸರಲ್ಲಿ ಕಾಲಿಗೆ ಏನೋ ಚುಚ್ಚಿತು, ಏನಂತ ಕಾಣಲಿಲ್ಲ ಅಂದ್ರೆ ಹಾವು ಅಂತಲೇ ತಿಳಿದು, ಬಿಸಿನೀರಿಗೆ ಕಾಯದೆ ಕಾಲು ಅಲ್ಲಾಡಿಸದಂತೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೀನು ಚುಚ್ಚಿದ ಮೇಲೂ ಉಸಿರಾಟಕ್ಕೆ ಕಷ್ಟ, ತಲೆಸುತ್ತು, ಮುಖ ಊತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮುಂದಿನ ಸಲ ಕೆರೆಗೆ ಹೋಗುವಾಗ ನಾವು ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋಗ್ತೀವಿ. ಬಲೆಯಿಂದ ಮೀನು ಬಿಡಿಸೋ ಕೆಲಸ ಮಾತ್ರ ತಾತನಿಗೇ ಬಿಡ್ತೀವಿ.