ಹರದನಹಳ್ಳಿಯಿಂದ ದೆಹಲಿಗೆ: ಎಚ್.ಡಿ. ದೇವೇಗೌಡ

ಜನನ: 18 ಮೇ 1933, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಹೆಸರಿನ ಮೊದಲ ‘ಎಚ್’ ಈ ಊರೇ. ಓದಿದ್ದು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ. ಇದನ್ನು ಪದವಿ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

1953ರಲ್ಲಿ ಕಾಂಗ್ರೆಸ್ ಸೇರಿದರು. ಅಭ್ಯರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವ ಭಾಗವೇ ಮುಂದಿನದು: ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷತೆ, ಆಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ. ರೈತನ ಸಾಲ, ಗೊಬ್ಬರದ ಮಾತು ನಡೆಯುವ ಇಂಥ ಕಡೆಯೇ ನಾಯಕತ್ವ ಮೊಳೆಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. 1962ರಲ್ಲಿ, 28ನೇ ವಯಸ್ಸಿಗೆ, ಪಕ್ಷೇತರರಾಗಿ ಹೊಳೆನರಸೀಪುರದಿಂದ ವಿಧಾನಸಭೆಗೆ ಆಯ್ಕೆ. 1972ರ ನಂತರ ವಿರೋಧ ಪಕ್ಷದ ನಾಯಕ. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಲೋಕೋಪಯೋಗಿ, ನೀರಾವರಿ ಸಚಿವ. 1989ರಲ್ಲಿ ಸ್ವಕ್ಷೇತ್ರದಲ್ಲೇ ಸೋಲು. 1991ರಲ್ಲಿ ಹಾಸನದಿಂದ ಲೋಕಸಭೆಗೆ.

11 ಡಿಸೆಂಬರ್ 1994: ಮುಖ್ಯಮಂತ್ರಿ. 1 ಜೂನ್ 1996: ಪ್ರಧಾನಿ, ಕರ್ನಾಟಕದಿಂದ ಮೊದಲಿಗರು. ಪ್ರಮಾಣವಚನದ ದಿನ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಅಲ್ಲ. ಸಂವಿಧಾನದ 75(5)ನೇ ವಿಧಿ ಕೊಡುವ ಆರು ತಿಂಗಳೊಳಗೆ ರಾಜ್ಯಸಭೆಗೆ ಬಂದರು. 11 ಏಪ್ರಿಲ್ 1997ರಂದು ವಿಶ್ವಾಸಮತ ಸೋತರು. ಅಧಿಕಾರ ಬಿಟ್ಟದ್ದು 21 ಏಪ್ರಿಲ್. ಈ ಎರಡು ದಿನಾಂಕ ಅದಲುಬದಲಾಗದಂತೆ ನೋಡಿಕೊಳ್ಳಿ.